ಅಳತೆಯ ಬತ್ತಿ

ಬುಳುಕ್ ಎಂದು ಒಂದೇ ಒಂದು ಸಣ್ಣ ಸದ್ದು. ಮಣ್ಣಿನ ಹೆಂಟೆಯೊಂದು ನೀರಿಗೆ ಜಾರಿದ ಹಾಗೆ. ನಡುರಾತ್ರಿ ದಾಟಿತ್ತು. ಸಬೀನಾ ಹಾಸಿಗೆಯಲ್ಲೇ ತಲೆಯೆತ್ತಿ ಆಲಿಸಿದಳು. ಪಕ್ಕದಲ್ಲಿ ಮಗ ಕೋಲಿನ್ ಬಾಯಿ ತೆರೆದು ನಿದ್ದೆ ಹೋಗಿದ್ದ. ಮತ್ತೊಮ್ಮೆ ಬುಳುಕ್. ಅವಳು ಶಾಲು ಹೊದ್ದು ಹೊರಗೆ ಬಂದಳು.

ಅಂಗಳದ ಕಲ್ಲಿನ ಮೇಲೆ ಕೆಲಸದ ಮುದುಕಿ ಆವಿಸ್ ಕೂತಿದ್ದಳು. ಕೈಗಳನ್ನು ಕಂಕುಳಲ್ಲಿ ಅವಿತಿಟ್ಟುಕೊಂಡು ಕತ್ತಲನ್ನೇ ನೋಡುತ್ತಿದ್ದಳು.

"ನಿದ್ದೆ ಬರಲ್ವೇನಜ್ಜಿ?"

"ಕೇಳಿಸ್ತಾ ಅಮ್ಮಾವ್ರೇ? ಒಣದಾರಿ ಕುಸೀತಾ ಇದೆ."

"ಕುಸೀಲಿ ಬಿಡು. ನಾಳೆ ನಿನ್ನ ಮಗನಿಗೆ ಅಷ್ಟು ಅಗೆಯೋ ಕೆಲಸ ತಪ್ತು."

ಆವಿಸ್ ನಗಲಿಲ್ಲ. "ಮೂರು ಕಡೆ ನೀರಿದೆಯಲ್ಲ, ಸಾಕು. ನಾಲ್ಕನೇ ಕಡೆ ಬೇಡ. ಈ ಮನೆಯ ಹಳೇ ಅಮ್ಮಾವ್ರು ಸಾಯೋ ಮುಂಚೆ ಆ ದಾರಿ ಮೇಲೆ ನಿಂತು ಅಂದಿದ್ದು ನಾನು ಈ ಕಿವೀಲಿ ಕೇಳಿದೀನಿ. ಈ ದಾರಿ ಮುಚ್ಚಿದವರ ಮಗು ನನ್ನ ಮಗುವಿಗಿಂತ ಒಂದು ನೂಲೂ ಜಾಸ್ತಿ ಬೆಳೀದೆ ಇರಲಿ ಅಂತ."

ಸಬೀನಾ ಬಟ್ಟೆ ವ್ಯಾಪಾರಿಯ ಮಗಳು, ಇಪ್ಸ್‌ವಿಚ್ ಬಂದರಿನಲ್ಲಿ ಬೆಳೆದವಳು. ಅವಳಿಗೆ ನಗು ಬಂತು. "ನಮ್ಮಪ್ಪನ ಅಂಗಡಿ ಮುಂದೆ ಒಬ್ಬಳು ದಿನಾ ನಿಂತು ಶಾಪ ಹಾಕ್ತಿದ್ಲು ಅಜ್ಜಿ, ಮೊಳ ಹಾಕೋದರಲ್ಲಿ ಮೋಸ ಮಾಡಿದ, ಒಣಗಿ ಹೋಗಲಿ ಅಂತ. ಅಪ್ಪ ಇನ್ನೂ ದಪ್ಪ ಆದ, ಅಷ್ಟೇ ಆಗಿದ್ದು. ಹೋಗಿ ಮಲಗು."

ಮುದುಕಿ ಎದ್ದು ಹೋದಳು. ಹೋಗುತ್ತಾ ಶಿಲುಬೆಯ ಗುರುತು ಹಾಕಿಕೊಂಡದ್ದು ಕತ್ತಲಲ್ಲೂ ಕಂಡಿತು.

ಸಫಕ್‌ನ ಆ ಜೇಡಿಮಣ್ಣಿನ ಸೀಮೆಯಲ್ಲಿ ಸ್ವಲ್ಪ ಅನುಕೂಲಸ್ಥರ ಮನೆಗಳಿಗೆಲ್ಲ ಸುತ್ತ ಕಂದಕವಿರುತ್ತದೆ. ಈ ಮನೆಗೆ ಮಾತ್ರ ಪಶ್ಚಿಮದಲ್ಲಿ ಗಾಡಿ ಹೋಗುವಷ್ಟು ಅಗಲದ ನೆಲವನ್ನು ಅಗೆಯದೆ ಬಿಟ್ಟಿದ್ದರು, ಅದೇ ಒಣದಾರಿ. ಹಿಂದಿನ ಸಲ ದೊಡ್ಡ ಬೇನೆ ಬಂದಾಗ ಮನೆಯ ಯಜಮಾನ, ಅವನ ಹೆಂಡತಿ ಆಮಬೆಲ್, ಅವರ ಒಬ್ಬನೇ ಮಗ, ಎಲ್ಲರೂ ಹೋಗಿದ್ದರು. ಬಹಳ ಕಾಲ ಪಾಳುಬಿದ್ದ ಮನೆ ಕೊನೆಗೆ ಯಜಮಾನನ ಅಣ್ಣನ ಮಗನಾದ ವಾರಿನ್‌ನ ಪಾಲಿಗೆ ಬಂತು. ವಾರಿನ್‌ನ ಹೆಂಡತಿಯಾಗಿ ಸಬೀನಾ ಇಲ್ಲಿಗೆ ಬಂದಳು.

ಈಗ ಆ ಬೇನೆ ಎರಡನೇ ಸಲ ಬರುತ್ತಿತ್ತು. ಈ ಸಲ ಅದು ದೊಡ್ಡವರನ್ನು ಬಿಟ್ಟು ಮಕ್ಕಳನ್ನೇ ಹುಡುಕುತ್ತಿದೆಯಂತೆ. ಕರಾವಳಿಯಿಂದ ಬಂದ ಉಪ್ಪಿನವನು, ಅಲ್ಲಿ ಚಿಕ್ಕ ಗುಂಡಿಗಳನ್ನು ತೋಡುವವರಿಗೆ ಬಿಡುವಿಲ್ಲ ಎಂದು ಹೇಳಿ ಹೋಗಿದ್ದ. ಸಬೀನಾ ತನ್ನ ಮೊದಲ ಮಗುವನ್ನು ಜ್ವರಕ್ಕೆ ಕಳೆದುಕೊಂಡಿದ್ದಳು. ಇನ್ನೊಂದನ್ನು ಕೊಡಲು ತಯಾರಿರಲಿಲ್ಲ. ಗಂಡ ಉಣ್ಣೆ ಮಾರಲು ಉತ್ತರಕ್ಕೆ ಹೋಗಿದ್ದ. ಅವನನ್ನು ಕೇಳಲು ಸಮಯವಿಲ್ಲ. ಒಣದಾರಿಯನ್ನು ಅಗೆದು ಕಂದಕದ ಎರಡು ತುದಿಗಳನ್ನೂ ಕೂಡಿಸುವುದು, ಎತ್ತಿಕೊಳ್ಳುವಂಥ ಹಲಗೆ ಸೇತುವೆ ಹಾಕಿಸುವುದು, ಬೇನೆ ಈ ಸೀಮೆ ದಾಟುವವರೆಗೆ ನೀರಿನ ಉಂಗುರದೊಳಗೆ ಇದ್ದುಬಿಡುವುದು. ಅವಳು ಕಂಡುಕೊಂಡ ದಾರಿ ಅದು.

ಅಗೆಯುತ್ತಿದ್ದವನು ಆವಿಸಳ ಮಗ ಥರ್ಸ್ಟನ್. ಹೆಂಡತಿ ಸತ್ತವನು. ಎಮ್ಮೊಟ್ ಎಂಬ ಪುಟ್ಟ ಮಗಳು ಅವನಿಗೆ. ಸೇತುವೆ ಎತ್ತುವಾಗ ಅವರನ್ನೂ ಒಳಗೆ ಸೇರಿಸಿಕೊಳ್ಳುವುದಾಗಿ ಸಬೀನಾ ಮಾತು ಕೊಟ್ಟಿದ್ದಳು. ತಾಯಿಗೆ ಹೆದರಿಕೆ, ಮಗನಿಗೆ ಮಗಳ ಚಿಂತೆ. ಅವನು ಗುದ್ದಲಿ ಕೆಳಗಿಡಲಿಲ್ಲ.

ಮರುದಿನ ಮಧ್ಯಾಹ್ನ ಆ ಗುದ್ದಲಿ ಒಂದು ಮಡಕೆಗೆ ತಾಗಿತು. ಥರ್ಸ್ಟನ್ ಅದನ್ನು ಅಂಗಳಕ್ಕೆ ತಂದಿಟ್ಟು, ಕೈಯನ್ನು ಹುಲ್ಲಿಗೆ ಒರೆಸಿಕೊಂಡು ದೂರ ನಿಂತ. ಒಳಗೆ ಸುರುಳಿ ಸುತ್ತಿದ ಮೇಣದ ಬತ್ತಿ. ಮೇಲೆ ಹೆಂಗಸಿನ ಉದ್ದ ಕೂದಲನ್ನು ಬಿಗಿಯಾಗಿ ಸುತ್ತಿದ್ದರು. ಒಮ್ಮೆಯೂ ಹಚ್ಚಿರಲಿಲ್ಲ.

ಅದೇನೆಂದು ಎಲ್ಲರಿಗೂ ಗೊತ್ತಿತ್ತು. ಮಗು ಕಾಯಿಲೆ ಬಿದ್ದರೆ ನೆತ್ತಿಯಿಂದ ಹಿಮ್ಮಡಿಯವರೆಗೆ ನೂಲಿನಿಂದ ಅಳೆಯುತ್ತಾರೆ. ಆ ನೂಲನ್ನೇ ಬತ್ತಿ ಮಾಡಿ ಮೇಣ ಬಳಿದು, ಸುರುಳಿ ಸುತ್ತಿ, ಸಂತ ಎಡ್ಮಂಡನ ಸನ್ನಿಧಿಗೆ ಹರಕೆ ಒಯ್ಯುತ್ತಾರೆ. ಬತ್ತಿ ಅಲ್ಲಿ ಉರಿದರೆ ಮಗು ಇಲ್ಲಿ ಏಳುತ್ತದೆ. ಅಂಥ ಬತ್ತಿಯನ್ನು ಮಣ್ಣಿನಲ್ಲಿ ಹೂಳುವುದನ್ನು ಮಾತ್ರ ಯಾರೂ ಕೇಳಿರಲಿಲ್ಲ.

"ಇದ್ದ ಜಾಗದಲ್ಲೇ ಇಡಿ ಅಮ್ಮಾವ್ರೇ," ಆವಿಸ್ ಬೇಡಿಕೊಂಡಳು. "ಅದು ಆಮಬೆಲ್ ಅಮ್ಮಾವ್ರ ಮಗುವಿನ ಅಳತೆ."

"ಪಾಪದ ಮಗು. ಅದಕ್ಕೆ ಈಗ ಇದರಿಂದ ಏನಾಗಬೇಕು?" ಸಬೀನಾ ಕೂದಲನ್ನು ಸರಸರನೆ ಬಿಚ್ಚಿ ಎಸೆದಳು. "ಇವತ್ತು ಸಂಜೆಯಿಂದ ಸೇತುವೆ ಎತ್ತಿರುತ್ತೆ. ಕುರಿಕೊಬ್ಬಿನ ದೀಪದ ಹೊಗೆಗೆ ನನ್ನ ಮಗ ರಾತ್ರಿಯೆಲ್ಲಾ ಕೆಮ್ತಾನೆ. ಒಳ್ಳೆ ಜೇನುಮೇಣ ಕಾಲ ಕೆಳಗೇ ಇತ್ತು ನೋಡು."

"ಸತ್ತವರ ಬತ್ತಿ ಅದು."

"ಸತ್ತವರಿಗೆ ಕತ್ತಲೆ ಅಭ್ಯಾಸ ಆಗಿರುತ್ತೆ ಅಜ್ಜಿ. ನಮಗೆ ಆಗಿಲ್ಲ."

ಸಂಜೆ ಹೊತ್ತಿಗೆ ಎರಡೂ ಕಡೆಯ ನೀರು ಕೂಡಿತು. ಭೋರ್ಗರೆತವಿರಲಿಲ್ಲ. ಕಂದು ಬಣ್ಣದ ನೀರು ಎರಡು ಕಡೆಯಿಂದ ತೆವಳುತ್ತಾ ಬಂದು ಒಂದಕ್ಕೊಂದು ತಾಗಿ ಸುಮ್ಮನಾಯಿತು. ಕೊಳೆತ ಜೊಂಡಿನ ವಾಸನೆ ಮೇಲೆದ್ದಿತು. ಕೊಟ್ಟಿಗೆಯ ಬಾತುಗಳು ಅಂದು ನೀರಿಗಿಳಿಯಲಿಲ್ಲ. ಥರ್ಸ್ಟನ್ ಸೇತುವೆ ಎತ್ತಿ ಹಗ್ಗ ಬಿಗಿದ. ಸಬೀನಾ ಮಗನ ಹಾಸಿಗೆಯ ಬಳಿ ಸುರುಳಿಯನ್ನಿಟ್ಟು, ತುದಿಯನ್ನು ಮೇಲೆತ್ತಿ, ಹಚ್ಚಿದಳು.

ಜ್ವಾಲೆ ಅಲುಗಲಿಲ್ಲ. ಕಿಟಕಿಯ ಸಂದಿಯಿಂದ ಗಾಳಿ ನುಗ್ಗಿ ಪರದೆ ಹಾರುತ್ತಿದ್ದರೂ ಅದು ನೆಟ್ಟಗೆ ನಿಂತು ಉರಿಯಿತು. ವಾಸನೆ ಜೇನಿನದಾಗಿರಲಿಲ್ಲ. ಹುಳಿತ ಹಾಲು, ಒದ್ದೆ ಕೂದಲು. ಮಣ್ಣಿನಲ್ಲಿದ್ದ ಮೇಣವಲ್ಲವೇ ಎಂದುಕೊಂಡು ಅವಳು ಮಲಗಿದಳು.

ಬೆಳಿಗ್ಗೆ ಮಕ್ಕಳಿಬ್ಬರೂ ಹಾಸಿಗೆಯ ಮೇಲೆ ಕುಣಿಯುತ್ತಿದ್ದರು. ಸಬೀನಾ ಬೆರಳಿಗೆ ಉಗುಳು ಹಚ್ಚಿ ಬತ್ತಿಯನ್ನು ಚಿವುಟಿದಳು. ಕೋಲಿನ್‌ನ ನಗು ಅರ್ಧಕ್ಕೇ ನಿಂತಿತು. ಅವನು ಕುಣಿಯುತ್ತಿದ್ದ ಭಂಗಿಯಲ್ಲೇ ಪಕ್ಕಕ್ಕೆ ಬಿದ್ದ. ತುಟಿ ನೀಲಿ. ಎದೆ ಏಳಲಿಲ್ಲ. ಅವಳು ಬೆನ್ನು ಗುದ್ದಿದಳು, ಬಾಯಿಗೆ ಬೆರಳು ಹಾಕಿ ಹುಡುಕಿದಳು. ಗಂಟಲಲ್ಲಿ ಏನೂ ಇರಲಿಲ್ಲ. ಅಷ್ಟರಲ್ಲಿ ಬತ್ತಿಯ ತುದಿಯಲ್ಲಿ ಉಳಿದಿದ್ದ ಕೆಂಡ ಚಟ್ ಎಂದು ಮತ್ತೆ ಹೊತ್ತಿಕೊಂಡಿತು. ಮಗು ಉಸಿರೆಳೆದು ಅಳತೊಡಗಿತು.

"ರೊಟ್ಟಿ ಸಿಕ್ಕಿಹಾಕ್ಕೊಂಡಿರಬೇಕು," ಎಂದಳು ಸಬೀನಾ, ಯಾರೂ ಕೇಳದಿದ್ದರೂ.

ಎಮ್ಮೊಟ್ ಕೋಲಿನ್‌ನ ಬೆನ್ನಿಗೆ ಬೆನ್ನು ತಾಗಿಸಿ ನಿಂತು ತಲೆಯ ಮೇಲೆ ಕೈ ಆಡಿಸಿದಳು. ಅದು ಅವರ ದಿನದ ಆಟ. ಇಬ್ಬರೂ ಒಂದೇ ಎತ್ತರ, ಒಂದೇ ಅಂಗಿ ಇಬ್ಬರಿಗೂ ಆಗುತ್ತಿತ್ತು. "ಕೋಲಿನ್ ಕುಳ್ಳ," ಎಂದಳು ಎಮ್ಮೊಟ್. "ನಿನ್ನೆ ಇರಲಿಲ್ಲ, ಇವತ್ತು ಕುಳ್ಳ."

ಅವನ ಅಂಗಿಯ ಅಂಚು ನೆಲ ಗುಡಿಸುತ್ತಿತ್ತು.

ಬಟ್ಟೆ ವ್ಯಾಪಾರಿಯ ಮಗಳಿಗೆ ಬಟ್ಟೆ ಹಿಗ್ಗಿದೆ ಎಂದು ತನಗೆ ತಾನೇ ಹೇಳಿಕೊಳ್ಳಲು ಆಗಲಿಲ್ಲ. ಸಂಜೆಯ ಹೊತ್ತಿಗೆ ಅವನ ಕಾಲಿಂದ ಬೂಟು ಕಳಚಿ ಬಿತ್ತು. ಎತ್ತಿ ಹಾಕಿದಳು. ಮತ್ತೆ ಕಳಚಿತು. ಅವಳು ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅವನ ಮುಖವನ್ನೇ ನೋಡುತ್ತಾ, ಕೈ ಚಾಚಿ ಬತ್ತಿಯನ್ನು ಮತ್ತೊಮ್ಮೆ ಚಿವುಟಿದಳು. ಕಣ್ಣು ತೆರೆದೇ ಇತ್ತು. ಉಸಿರಿಲ್ಲ. ಎದೆಗೆ ಕಿವಿಯಿಟ್ಟಳು. ಸದ್ದಿಲ್ಲ. ಒಲೆಗೆ ಓಡಿದಳು. ಕೊಳ್ಳಿ ತಂದಳು. ಮೊದಲ ಸಲ ಬತ್ತಿಗೆ ತಾಗಲಿಲ್ಲ. ಮತ್ತೆ ಹಿಡಿದಳು. ಹೊತ್ತಿತು. ಮಗು ಕೆಮ್ಮಿತು.

ಆರಿಸುವಂತಿಲ್ಲ. ಉರಿಯಲು ಬಿಡುವಂತೆಯೂ ಇಲ್ಲ. ಸುರುಳಿ ಒಂದೊಂದೇ ಸುತ್ತು ಬಿಚ್ಚಿಕೊಳ್ಳುತ್ತಾ ಬೆಳಕಿಗೆ ಹೋಗುತ್ತಿತ್ತು. ಮಗ ಒಂದೊಂದೇ ನೂಲಿನಷ್ಟು ಎಲ್ಲಿಗೋ ಹೋಗುತ್ತಿದ್ದ. ನೋವಿಲ್ಲ, ಜ್ವರವಿಲ್ಲ. ಆಡುತ್ತಿದ್ದ, ಹಸಿವು ಎನ್ನುತ್ತಿದ್ದ. ಮೆಟ್ಟಿಲು ಹತ್ತಲು ಮೊದಲು ಕೈ ಊರಿದ, ಆಮೇಲೆ ತೆವಳಿದ. ಸಬೀನಾ ಸಂತ ಎಡ್ಮಂಡನಿಗೆ ಹರಕೆ ಹೊತ್ತಳು. ಸೇತುವೆ ಇಳಿಸಿ ಪಾದ್ರಿಯನ್ನು ಕರೆಸಿದಳು. ಪಾದ್ರಿ ಕಂದಕದ ಆಚೆ ದಡದಲ್ಲೇ ನಿಂತು, ಮೂಗಿಗೆ ಬಟ್ಟೆ ಹಿಡಿದು, "ಮಗುವಿಗೆ ಹುಷಾರಿಲ್ಲ ಅಂದ್ಯಲ್ಲಮ್ಮ? ಈ ಕಾಲದಲ್ಲಿ ಹಾಗಂದ್ರೆ ನಾನು ಒಳಗೆ ಬರೋ ಹಾಗಿಲ್ಲ. ಇಲ್ಲಿಂದಲೇ ಪ್ರಾರ್ಥನೆ ಮಾಡ್ತೀನಿ," ಎಂದು ಗಡಿಬಿಡಿಯಲ್ಲಿ ಏನೋ ಗೊಣಗಿ ಹೋದ. ಒಣದಾರಿಗೆ ಮಣ್ಣು ತುಂಬಲು ಥರ್ಸ್ಟನ್‌ಗೆ ಹೇಳಿದಳು. ಅವನು ಬುಟ್ಟಿ ಬುಟ್ಟಿ ಸುರಿದ. ಎಷ್ಟು ಸುರಿದರೂ ಮಣ್ಣು ನೀರಾಯಿತು, ನೀರು ನೆಲವಾಗಲಿಲ್ಲ.

ಕೊನೆಗೆ ಆವಿಸಳ ಕೈ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದಳು.

"ಅಜ್ಜಿ, ನಕ್ಕಿದ್ದು ತಪ್ಪಾಯ್ತು. ಆವತ್ತು ಏನು ನಡೀತು ಹೇಳು. ಎಲ್ಲಾ ಹೇಳು."

ಮುದುಕಿ ಬಾಗಿಲ ಕಡೆ ನೋಡಿದಳು. ಧ್ವನಿ ತಗ್ಗಿಸಿದಳು.

"ಊರವರು ಒಣದಾರಿ ಕಾಯ್ತಾ ಕವೆಗೋಲು ಹಿಡಿದು ನಿಂತಿದ್ರು. ಬೇನೆ ಮನೆಯಿಂದ ಯಾರನ್ನೂ ಹೊರಗೆ ಬಿಡ್ತಿರಲಿಲ್ಲ. ಅಮ್ಮಾವ್ರ ಮಗು ಮಲಗಿಬಿಟ್ಟಿತ್ತು. ಅಳತೆ ತಗೊಂಡು ಬತ್ತಿ ಮಾಡಿದ್ರು. ಹರಕೆ ಬತ್ತಿ ಒಂದನ್ನಾದ್ರೂ ಯಾರಾದ್ರೂ ಒಯ್ಯಿರಿ ಅಂತ ಕಾಲು ಹಿಡಿದ್ರು. ಯಾರೂ ಮುಟ್ಟಲಿಲ್ಲ."

"ಆಮೇಲೆ?"

"ಆಮೇಲೆ ಅವರ ಬುದ್ಧಿ ಕೆಟ್ಟಿತು. ನಾನು ಇಲ್ಲೇ ಕೆಲಸಕ್ಕಿದ್ದೆ, ನನ್ನ ಥರ್ಸ್ಟನ್ ಹುಡುಗ. ಮಲಗಿದ್ದ. ಎಚ್ಚರವಾಗಿ ನೋಡ್ತೀನಿ, ಅಮ್ಮಾವ್ರು ಅವನ ನೆತ್ತಿಯಿಂದ ಕಾಲಿನವರೆಗೆ ನೂಲು ಎಳೀತಿದ್ರು. ಏನಿದು ಅಂದೆ. ಇವನ ನೂಲನ್ನ ನನ್ನ ಮಗುವಿನ ಬತ್ತಿಗೆ ಗಂಟು ಹಾಕ್ತೀನಿ, ಬೆಂಕಿ ಆ ಕಡೆ ಹೋಗಲಿ ಅಂದ್ರು. ಹಾಗೇ ಅಂದ್ರು, ಸೊಪ್ಪು ಹೆಚ್ಚೋ ವಿಷಯ ಮಾತಾಡಿದ ಹಾಗೆ." ಆವಿಸ್ ಒಲೆಯ ಕಡೆ ಕೈ ತೋರಿಸಿದಳು. "ನೂಲು ಕಿತ್ಕೊಂಡು ಒಲೆಗೆ ಹಾಕಿದೆ. ಮಗನ್ನ ಎಳಕೊಂಡು ದಾರಿಗೆ ಓಡಿದೆ. ಕಾವಲಿಗೆ ನನ್ನ ತಮ್ಮ ಇದ್ದ, ಬಿಟ್ಟ. ಹಿಂದೇನೇ ಅಮ್ಮಾವ್ರು ಮಗು ಎತ್ಕೊಂಡು ಬಂದ್ರು. ಅವರನ್ನ ಬಿಡಲಿಲ್ಲ. ಕೋಲಲ್ಲಿ ತಳ್ಳಿದ್ರು. ಬೆಳಗಾಗೋ ಹೊತ್ತಿಗೆ ಮಗು ತಣ್ಣಗಾಗಿತ್ತು. ಆಗ ಶಾಪ ಹಾಕಿದ್ದು. ಆ ಬತ್ತೀನ ಅಲ್ಲೇ ಯಾವಾಗ ಹೂತ್ರೋ, ನಾನು ನೋಡಿಲ್ಲ."

ಒಲೆಯ ಮೇಲೆ ಬಟಾಣಿ ಗಂಜಿ ಉಕ್ಕಿ ಬೂದಿಗೆ ಬಿತ್ತು.

"ಗಂಟು ಹಾಕಿದ್ರೆ ಬೆಂಕಿ ಹೋಗ್ತಿತ್ತಾ?"

"ನನಗೇನು ಗೊತ್ತು ಅಮ್ಮಾವ್ರೇ," ಎಂದಳು ಆವಿಸ್. ಹೇಳಿದ ಮೇಲೆ ಅವಳ ಮುಖದಲ್ಲಿ ಏನೋ ಬದಲಾಯಿತು. ಆಡಿದ ಮಾತನ್ನು ಬಾಚಿ ವಾಪಸು ಬಾಯಿಗೆ ಹಾಕಿಕೊಳ್ಳಬೇಕೆನ್ನುವಂತೆ ಶಾಲಿನ ತುದಿಯನ್ನು ತುಟಿಗೆ ಒತ್ತಿಕೊಂಡಳು. ಅಂದಿನಿಂದ ಮೊಮ್ಮಗಳನ್ನು ರಾತ್ರಿ ತನ್ನ ಮಗ್ಗುಲಲ್ಲೇ ಕಟ್ಟಿಕೊಂಡು ಮಲಗಿದಳು.

ಆದರೆ ಸಬೀನಾ ರಾತ್ರಿಗಾಗಿ ಕಾಯಲಿಲ್ಲ. ಮಟಮಟ ಮಧ್ಯಾಹ್ನ. ಬಿಸಿಲಿತ್ತು. ಆವಿಸ್ ಹಿತ್ತಲಲ್ಲಿ ಬಟ್ಟೆ ಕುಕ್ಕುತ್ತಿದ್ದ ಸದ್ದು ಕೇಳುತ್ತಿತ್ತು. ಎಮ್ಮೊಟ್ ಕೊಟ್ಟಿಗೆಯ ಹುಲ್ಲಿನ ಮೇಲೆ ಬೆವರುತ್ತಾ ನಿದ್ದೆ ಹೋಗಿದ್ದಳು. ಸಬೀನಾ ಮೊಣಕಾಲೂರಿ ನೂಲಿನ ತುದಿಯನ್ನು ಅವಳ ನೆತ್ತಿಗೆ ಒತ್ತಿದಳು. ಸಣ್ಣ ಕೂದಲು, ಹುಲ್ಲಿನ ವಾಸನೆ. ಎಮ್ಮೊಟ್ ಕಣ್ಣು ಬಿಟ್ಟಳು.

"ನಂಗೆ ಅಂಗಿ ಹೊಲೀತೀರಾ ಅಮ್ಮಾವ್ರೇ?"

ಸಬೀನಾ ನೂಲಿನಿಂದ ಕಣ್ಣೆತ್ತಲಿಲ್ಲ. "ಹೂಂ."

"ಹೊಸದಾ? ಕೋಲಿನ್‌ದು ಹಳೇದಲ್ಲ ತಾನೇ?"

"ಹೊಸದು."

ಮಗು ತಟ್ಟನೆ ಎದ್ದು ನಿಂತಿತು. ಅಂಗಿ ದೊಡ್ಡದಾಗಲಿ ಎಂಬ ಆಸೆಗೆ ಕಾಲ ಬೆರಳುಗಳ ಮೇಲೆ ನಿಂತು, ಕತ್ತು ಚಾಚಿ, ಉಸಿರು ಕಟ್ಟಿಕೊಂಡಿತು. ಸಬೀನಾ ನೂಲನ್ನು ಹಿಮ್ಮಡಿಯವರೆಗೆ ಎಳೆದಳು. ಕತ್ತರಿಸಿದಳು.

ಮೇಲಿನ ಕೋಣೆ. ಬಾಗಿಲಿಗೆ ಅಗುಳಿ. ಕೋಲಿನ್ ತೊಟ್ಟಿಲಲ್ಲಿದ್ದ. ಅವನಿಗೆ ಈಗ ಅದೇ ಸಾಕಾಗುತ್ತಿತ್ತು. ಅವಳು ಜ್ವಾಲೆಯ ಬುಡದ ಮೇಣ ಕೆರೆದಳು. ಬೆರಳು ಸುಟ್ಟಿತು. ಹೊಸ ನೂಲನ್ನು ಉರಿಯುವ ಬತ್ತಿಗೆ ಸುತ್ತಿ ಗಂಟು ಬಿಗಿದಳು. ಜ್ವಾಲೆ ಮೊದಲ ಸಲ ಅಲುಗಿತು. ಆ ಕಡೆ ನೋಡಿತು, ಈ ಕಡೆ ನೋಡಿತು. ಗಂಟಿನ ಮೇಲೆ ಹತ್ತಿತು. ದಾಟಿತು. ಅವಳು ಹಳೆಯ ಬತ್ತಿಯನ್ನು ಕಚಕ್ಕನೆ ಕತ್ತರಿಸಿ ಎಳೆದುಕೊಂಡಳು. ತೊಟ್ಟಿಲ ಕಡೆ ತಿರುಗಲು ಧೈರ್ಯ ಬರಲಿಲ್ಲ.

ಕೋಲಿನ್ ಸೀನಿದ. "ಅಮ್ಮ, ಹಾಲು," ಎಂದ.

ಕೆಳಗೆ ಅಂಗಳದಲ್ಲಿ ಎಮ್ಮೊಟ್ ತನ್ನದೇ ಲಂಗ ಕಾಲಿಗೆ ಸಿಕ್ಕಿ ಮುಗ್ಗರಿಸಿದಳು. ಅವಳ ಅಪ್ಪ ನಕ್ಕ.

ಸಬೀನಾ ಆ ರಾತ್ರಿಯಿಡೀ ಅಂಗಿ ಹೊಲಿದಳು. ತನ್ನ ಮದುವೆಗೆ ಅಪ್ಪ ಕೊಟ್ಟಿದ್ದ ನೀಲಿ ಬಟ್ಟೆ. ಪಕ್ಕದಲ್ಲೇ ನೂಲು ಉರಿಯುತ್ತಿತ್ತು. ಅಂಗಿ ಮುಗಿಯುವ ಹೊತ್ತಿಗೆ ಅದು ಯಾರಿಗೂ ಸರಿಹೋಗುವಂತಿರಲಿಲ್ಲ.

ಆಮೇಲಿನದನ್ನು ಅವಳು ಕಿಟಕಿಯ ಸಂದಿಯಿಂದ ನೋಡಿದಳು. ಥರ್ಸ್ಟನ್ ಮಗಳನ್ನು ಹೆಗಲ ಮೇಲೆ ಹೊತ್ತು ತಿರುಗುತ್ತಿದ್ದ, ಆಮೇಲೆ ತೋಳಲ್ಲಿ, ಆಮೇಲೆ ಎರಡು ಅಂಗೈಗಳಲ್ಲಿ. ಮಗು ಮಾತ್ರ ಮಾತಾಡುತ್ತಲೇ ಇತ್ತು. ಬಾತು ಯಾಕೆ ಅಷ್ಟು ದೊಡ್ಡದಾಯ್ತು ಎಂದು ಕೇಳುತ್ತಿತ್ತು. ನಿಲ್ಲಿಸಿಬಿಡಬೇಕು ಎಂದು ಸಬೀನಾಗೆ ಅನ್ನಿಸದೆ ಇರಲಿಲ್ಲ. ಆದರೆ ನಿಲ್ಲಿಸಲು ಇದ್ದದ್ದು ಎರಡೇ ದಾರಿ. ಒಂದು, ಹಳೆಯ ಬತ್ತಿಯನ್ನು ಮತ್ತೆ ಗಂಟು ಹಾಕುವುದು. ಅವಳು ತೊಟ್ಟಿಲ ಕಡೆ ನೋಡಿದಳು. ಇನ್ನೊಂದು ದಾರಿಯನ್ನು ಅವಳು ಯೋಚಿಸಲೂ ಇಲ್ಲ.

ಆಗ ಮೆಟ್ಟಿಲಲ್ಲಿ ಹೆಜ್ಜೆ ಸದ್ದು. ಭಾರವಾದ, ಎಳೆದು ಇಡುವ ಹೆಜ್ಜೆ. ಆವಿಸ್.

"ಅಮ್ಮಾವ್ರೇ, ಬಾಗಿಲು ತೆಗೀರಿ."

ಸಬೀನಾ ಜ್ವಾಲೆಗೆ ಅಂಗೈ ಅಡ್ಡ ಹಿಡಿದಳು.

"ಮೇಣದ ವಾಸನೆ ಬರ್ತಿದೆ. ನಿಮ್ಮ ಮಗು ಕುಗ್ಗೋದು ನಿಂತಿದೆ, ನನ್ನದು ಕರಗ್ತಾ ಇದೆ. ತೆಗೀರಿ. ಕಾಲು ಹಿಡ್ಕೋತೀನಿ. ಒಂದ್ಸಲ ನೋಡಿಬಿಡ್ತೀನಿ, ಇಲ್ಲ ಅಂದ್ರೆ ಇಲ್ಲ ಅಂತ ಸಮಾಧಾನ ಆಗುತ್ತೆ."

ಅಗುಳಿ ಅಲುಗಿತು. ಮರ ಹಳೆಯದು. ಮತ್ತೆ ಅಲುಗಿತು. ಮೊಳೆ ಸಡಿಲವಾಯಿತು. ಜ್ವಾಲೆ ನೆಟ್ಟಗೆ ಉರಿಯುತ್ತಿತ್ತು. ಬಚ್ಚಿಡಲು ಜಾಗವಿಲ್ಲ. ಬಾಗಿಲು ತೆರೆದರೆ ಕಾಣುತ್ತದೆ. ಕಂಡರೆ ಹಳೆಯ ಬತ್ತಿಯನ್ನು ಹುಡುಕುತ್ತಾಳೆ. ಸಿಕ್ಕರೆ ಗಂಟು ಹಾಕುತ್ತಾಳೆ. ಅಜ್ಜಿ ಅವಳು. ಹಾಕದೆ ಬಿಡುವುದಿಲ್ಲ. ಅಗುಳಿ ಜಾರಿತು. ಸಬೀನಾ ಕೈ ಚಾಚಿದಳು. ಚಿವುಟಿದಳು. ಬೆರಳುಗಳ ನಡುವೆ ಕೆಂಡ ಚುರ್ ಎಂದಿತು. ಬಿಡಲಿಲ್ಲ. ಒತ್ತಿ ಹಿಡಿದಳು. ಕೆಂಡ ಪೂರ್ತಿ ತಣ್ಣಗಾಗುವವರೆಗೂ ಒತ್ತಿ ಹಿಡಿದಳು.

ಅಂಗಳದಿಂದ ಥರ್ಸ್ಟನ್ ಮಗಳ ಹೆಸರು ಕೂಗಿದ. ಮತ್ತೊಮ್ಮೆ ಕೂಗಿದ. ಎರಡನೇ ಕೂಗು ಮನುಷ್ಯನದಾಗಿರಲಿಲ್ಲ.

ಬಾಗಿಲಲ್ಲಿ ಆವಿಸ್ ನಿಂತಿದ್ದಳು. ಸಬೀನಾ ತೊಟ್ಟಿಲ ಪಕ್ಕ ಕೂತು ಮುಗಿದಿದ್ದ ನೀಲಿ ಅಂಗಿಯ ಅಂಚನ್ನೇ ಮತ್ತೆ ಹೊಲಿಯುತ್ತಿದ್ದಳು. ಮುದುಕಿ ಕೋಣೆಯ ಗಾಳಿಯನ್ನು ಒಮ್ಮೆ ಮೂಸಿದಳು, ಕೆಳಗಿಳಿದು ಓಡಿದಳು.

ಎಮ್ಮೊಟ್‌ಳನ್ನು ಆ ಅಂಗಿಯಲ್ಲಿ ಸುತ್ತಿ ಹೂಳಿದರು. ಬಟ್ಟೆ ಎಷ್ಟು ಸುತ್ತಿದರೂ ಮುಗಿಯಲಿಲ್ಲ.

ದಿನಗಳು ಕಳೆದು ವಾರಿನ್ ಬಂದ. ಬೇನೆ ಈ ಕಡೆ ತಿರುಗಲೇ ಇಲ್ಲವಂತೆ. ಕರಾವಳಿಯಿಂದ ಎದ್ದು ನದಿಯಗುಂಟ ಪಶ್ಚಿಮಕ್ಕೆ ಹೋಯಿತಂತೆ. ಸುತ್ತಲ ಯಾವ ಹಳ್ಳಿಯಲ್ಲೂ ಒಂದು ಮಗುವೂ ಸತ್ತಿರಲಿಲ್ಲ. ಅಂಗಳದಲ್ಲಿ ಮಗನನ್ನು ಎತ್ತಿಕೊಂಡು ಅವನು ಹೆಂಡತಿಯ ಮುಖ ನೋಡಿದ. ಮಗನಿಗೆ ಬಾಯ್ತುಂಬ ಹಲ್ಲು, ಸ್ಪಷ್ಟ ಮಾತು, ಹಸುಗೂಸಿನ ಮೈ.

"ಏನಾಯ್ತು ಇವನಿಗೆ?"

"ಜ್ವರ ಬಂದಿತ್ತು," ಎಂದಳು ಸಬೀನಾ. "ಇಳಿದು ಹೋದ."

ಥರ್ಸ್ಟನ್ ಟೋಪಿ ಕೈಯಲ್ಲಿ ಹಿಡಿದು ಮುಂದೆ ಬಂದ. "ಅಮ್ಮಾವ್ರು ನಮ್ಮನ್ನ ಒಳಗೆ ಕರೆದು ಇಟ್ಕೊಂಡ್ರು ಯಜಮಾನ್ರೇ. ನನ್ನ ಕೂಸಿಗೆ ತಮ್ಮ ಮದುವೆ ಬಟ್ಟೆ ಕೊಟ್ರು. ಈ ಜನ್ಮದಲ್ಲಿ ಮರೆಯಲ್ಲ." ಅವನು ಬಗ್ಗಿ ಸಬೀನಾಳ ಕೈಗೆ ಹಣೆ ತಾಗಿಸಿದ. ಸುಟ್ಟ ಬೆರಳುಗಳಿಗೆ ಅವನ ಹಣೆಯ ಬಿಸಿ ಉರಿಯಿತು. ಅವಳ ಗಂಟಲವರೆಗೆ ಮಾತು ಬಂತು. ನಿಜವಾಗಿಯೂ ಬಂತು.

ಅವನ ಹೆಗಲಾಚೆ ಮನೆಯ ಬಾಗಿಲು ತೆರೆದಿತ್ತು. ಒಳಗೆ ಆವಿಸ್ ಗುಡಿಸುತ್ತಿದ್ದಳು. ಹಾಸಿಗೆಗಳನ್ನು ಎತ್ತಿ ಅಡಿ ನೋಡುತ್ತಿದ್ದಳು. ಪೆಟ್ಟಿಗೆಗಳ ತಳ ತಡವುತ್ತಿದ್ದಳು. ಆ ದಿನದಿಂದಲೂ ಹೀಗೆಯೇ. ಒಂದು ಮಾತಾಡುವುದಿಲ್ಲ, ಕೆಲಸ ಬಿಟ್ಟು ಹೋಗುವುದೂ ಇಲ್ಲ.

ಕತ್ತರಿಸಿ ಉಳಿದ ಹಳೆಯ ಬತ್ತಿಯನ್ನು ಸಬೀನಾ ರವಿಕೆಯ ಒಳಗೆ, ಎದೆಗೆ ತಾಗುವಂತೆ ಹೊಲಿದುಕೊಂಡಿದ್ದಳು. ಮೈಯ ಕಾವಿಗೆ ಅದು ಮೆತ್ತಗಾಗಿ ಚರ್ಮಕ್ಕೆ ಅಂಟುತ್ತಿತ್ತು. ಯಾರ ಕೈಗೆ ಸಿಕ್ಕರೂ ಒಂದು ಕಿಡಿ ಸಾಕು. ಗಂಡನಿಗೆ ಹೇಳಿದರೆ ಅವನು ಪಾದ್ರಿಗೆ ಹೇಳುತ್ತಾನೆ. ಪಾದ್ರಿಗೆ ಹೇಳಿದರೆ, ಮಾಟದ ವಸ್ತು, ಸುಟ್ಟುಬಿಡಿ ಎನ್ನುತ್ತಾನೆ. ಪಾಪನಿವೇದನೆಗೆ ಈಸ್ಟರ್ ಹಬ್ಬಕ್ಕೆ ಮೊಣಕಾಲೂರಬೇಕು, ಪ್ರತಿ ವರ್ಷ ಊರಬೇಕು, ಸಾಯುವಾಗ ಊರಬೇಕು. ಬಾಯಿ ಬಿಡದೆ ಸತ್ತವರು ಎಲ್ಲಿಗೆ ಹೋಗುತ್ತಾರೆಂದು ಚರ್ಚಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದ್ದ ಚಿತ್ರವನ್ನು ಅವಳು ಪ್ರತಿ ಭಾನುವಾರ ನೋಡಿದ್ದಳು.

"ಏಳು ಥರ್ಸ್ಟನ್," ಎಂದಳು. ಕೈ ಬಿಡಿಸಿಕೊಂಡಳು. ವಾರಿನ್‌ನ ತೋಳಿನಿಂದ ಮಗನನ್ನು ತೆಗೆದುಕೊಂಡಳು. ಅವನು ಏನೇನೂ ಭಾರವಿರಲಿಲ್ಲ.

ಯಾರಿಗೂ ಹೇಳುವುದಿಲ್ಲ. ಗಂಡನಿಗಿಲ್ಲ, ಪಾದ್ರಿಗಿಲ್ಲ, ಕೊನೆಯ ಗಳಿಗೆಯಲ್ಲಿ ದೇವರೇ ಕೇಳಿದರೂ ಇಲ್ಲ.